ಉಪ್ಪಿನ ದಾಯಾದಿಗಳು

ಕಳೆದ ತಿಂಗಳು ನಮ್ಮ ನೆರೆಮನೆಯ ಹಿರಿಯರೊಬ್ಬರು ಒಂದು ಉಪ್ಪಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರಿಗೆ ವಯಸ್ಸು ಎಪ್ಪತ್ತು ದಾಟಿದೆ. ರಕ್ತದ ಒತ್ತಡವೂ ಉಂಟು. ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದಂದಿನಿಂದ ಆ ಮನೆಯಲ್ಲಿ ಸಾರಿನ ವಿಷಯವಾಗಿ ದಿನಕ್ಕೊಂದು ವ್ಯಾಜ್ಯ ನಡೆಯುತ್ತಿರುವುದನ್ನು ಗೋಡೆಯ ಈಚೆಯಿಂದಲೇ ನಾವು ಬಲ್ಲೆವು. ಹೀಗಿರಲಾಗಿ, ಅವರ ಮಗನು ಪೇಟೆಯಿಂದ ‘ಸೋಡಿಯಂ ಕಡಿಮೆಯಿರುವ ಉಪ್ಪು’ ಎಂಬ ಹೊಸ ಬಗೆಯೊಂದನ್ನು ಕೊಂಡುತಂದನಂತೆ. ರುಚಿ ಸ್ವಲ್ಪ ಒಗರಾದರೂ ಉಪ್ಪು ಉಪ್ಪೇ. ಆದರೆ ಪೊಟ್ಟಣದ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಪೊಟಾಸಿಯಂ ಕ್ಲೋರೈಡ್’ ಎಂದಿದ್ದುದನ್ನು ಕನ್ನಡಕ ಹಾಕಿಕೊಂಡು ಓದಿದ ಮೇಲೆ ಹಿರಿಯರಿಗೆ ಸಮಾಧಾನವಿಲ್ಲದೆ ಹೋಯಿತು.

“ಸ್ವಾಮಿ, ನಮ್ಮ ತೆಂಗಿನ ತೋಟಕ್ಕೆ ವರ್ಷಂಪ್ರತಿ ಪೊಟಾಷ್ ಎಂಬ ಗೊಬ್ಬರವನ್ನು ಹಾಕಿಸುತ್ತಿದ್ದೆ. ಅದರ ಚೀಲದ ಮೇಲೂ ಇದೇ ಹೆಸರಿದ್ದ ನೆನಪು. ಇವರು ನನಗೆ ಉಪ್ಪು ಬಡಿಸುತ್ತಿದ್ದಾರೆಯೋ, ಗೊಬ್ಬರ ಬಡಿಸುತ್ತಿದ್ದಾರೆಯೋ?” ಎಂದು ಕೇಳಿದರು.

ಅವರ ನೆನಪು ಸರಿಯಾಗಿಯೇ ಇತ್ತು. ತೋಟಕ್ಕೆ ಹಾಕುವ ಪೊಟಾಷ್ ಗೊಬ್ಬರವೂ ಈ ಪೊಟ್ಟಣದಲ್ಲಿ ಬೆರೆತಿರುವ ವಸ್ತುವೂ ಶೋಧನೆಯ ತಾರತಮ್ಯವನ್ನು ಬಿಟ್ಟರೆ ಒಂದೇ. ಹಾಗಾದರೆ ಗೊಬ್ಬರವು ಉಪ್ಪಿನ ಸ್ಥಾನದಲ್ಲಿ ಬಂದು ಕುಳಿತುಕೊಳ್ಳುವುದು ಹೇಗೆ ಸಾಧ್ಯವಾಯಿತು? ಕುಳಿತುಕೊಂಡರೆ ಎಷ್ಟು ಹೊತ್ತು ಕ್ಷೇಮ? ಇದಕ್ಕೆ ಉತ್ತರ ಹೇಳಬೇಕಾದರೆ ಉಪ್ಪಿನ ಮನೆತನವನ್ನೇ ವಿಚಾರಿಸಬೇಕಾಗುತ್ತದೆ. ಆ ದಿನ ಅವರಿಗೆ ಕಾಫಿಯ ಜೊತೆಗೆ ಹೇಳಿದ ಮಾತನ್ನೇ ಕೊಂಚ ವಿಸ್ತರಿಸಿ ಈ ತಿಂಗಳ ಅಂಕಣದಲ್ಲಿ ವಾಚಕರ ಮುಂದಿಡುತ್ತೇವೆ.

ಅಡಿಗೆಯ ಉಪ್ಪು ಎರಡು ಮೂಲವಸ್ತುಗಳ ಸಂಯೋಗದಿಂದಾದದ್ದು. ಒಂದು ಸೋಡಿಯಂ, ಇನ್ನೊಂದು ಕ್ಲೋರಿನ್. ಸೋಡಿಯಂ ಎಂಬುದು ಬೆಳ್ಳಿಯಂತೆ ಹೊಳೆಯುವ, ಆದರೆ ಬೆಣ್ಣೆಯಂತೆ ಚಾಕುವಿನಿಂದ ಕೊಯ್ಯಬಹುದಾದ ಒಂದು ಲೋಹ. ನೀರು ಸೋಕಿದರೆ ಭುಗಿಲೇಳುತ್ತದೆಂದು ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಕ್ಲೋರಿನ್ ಎಂಬುದು ಹಸಿರು ಮಿಶ್ರಿತ ಹಳದಿ ಬಣ್ಣದ ಒಂದು ವಿಷವಾಯು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ನೆಯ ಇಸವಿ ಏಪ್ರಿಲ್ ೨೨ರಂದು, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನರು ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಈ ವಾಯುವನ್ನೇ. ಇಂತಹ ಇಬ್ಬರು ದುಷ್ಟರು ಕೂಡಿಕೊಂಡು ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬೆಳ್ಳಗೆ ರಾಶಿಬೀಳುವ ಸಾಧುವಾದ ಉಪ್ಪಾಗುತ್ತಾರೆಂಬುದು ರಸಾಯನಶಾಸ್ತ್ರದ ಮೊದಲ ವಿಸ್ಮಯ.

ಸೋಡಿಯಂ ಒಂಟಿಯಲ್ಲ. ಅದರ ಮನೆಯಲ್ಲಿ ಲಿಥಿಯಂ, ಸೋಡಿಯಂ, ಪೊಟಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ ಎಂಬುದಾಗಿ ಆರು ಮಂದಿ ಇದ್ದಾರೆ. ಇವಕ್ಕೆ ಕ್ಷಾರಲೋಹಗಳೆಂದು ಹೆಸರು. ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬ ಪಂಡಿತನು ೧೮೦೭ರಲ್ಲಿ, ಒಲೆಯ ಬೂದಿಯಿಂದ ತೆಗೆದ ಕ್ಷಾರವನ್ನು ಕರಗಿಸಿ ಅದರೊಳಗೆ ವಿದ್ಯುತ್ತನ್ನು ಹರಿಯಿಸಿದಾಗ ಪೊಟಾಸಿಯಮ್ಮಿನ ಸಣ್ಣ ಸಣ್ಣ ಗುಂಡುಗಳು ಹೊರಬಿದ್ದು ತಾವಾಗಿಯೇ ಹೊತ್ತಿಕೊಂಡವು. ಅದನ್ನು ಕಂಡು ಆತನು ಕೋಣೆಯಲ್ಲೆಲ್ಲಾ ಕುಣಿದಾಡಿದನೆಂದು ಬಂಧುಗಳು ಹೇಳಿದ್ದಾರೆ. ಕೆಲವು ದಿನಗಳೊಳಗೇ ಸೋಡಿಯಮ್ಮೂ ಸಿಕ್ಕಿತು. ನಮ್ಮ ಹಳೆಯ ಕಾಲದ ಗೃಹಿಣಿಯರು ಜಿಡ್ಡು ಪಾತ್ರೆಗಳನ್ನು ಬೂದಿಯಿಂದ ಬೆಳಗುತ್ತಿದ್ದುದು ಈ ಪೊಟಾಸಿಯಮ್ಮಿನ ಕ್ಷಾರದ ಬಲದಿಂದಲೇ. ಅಗಸರು ಚೌಳುಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದುದು ಸೋಡಿಯಮ್ಮಿನ ಕ್ಷಾರದ ಬಲದಿಂದ. ಎರಡು ಬೇರೆ ಬೇರೆ ವಸ್ತುಗಳು ಒಂದೇ ಕೆಲಸವನ್ನು ಮಾಡುತ್ತಿದ್ದವೆಂಬುದನ್ನು ವಾಚಕರು ಗಮನಿಸಬೇಕು.

ಈ ಆರು ಮಂದಿಯ ಹೋಲಿಕೆಯೂ ಭೇದವೂ ನೀರಿನಲ್ಲಿ ಚೆನ್ನಾಗಿ ಕಾಣುತ್ತವೆ. (ಇದು ಪ್ರಯೋಗಶಾಲೆಯಲ್ಲಿ ನೋಡತಕ್ಕದ್ದು, ಮನೆಯಲ್ಲಿ ಮಾಡತಕ್ಕದ್ದಲ್ಲ.) ಲಿಥಿಯಮ್ಮಿನ ಚೂರನ್ನು ನೀರಿಗೆ ಹಾಕಿದರೆ ಅದು ತೇಲಿಕೊಂಡು ಸದ್ದಿಲ್ಲದೆ ನೊರೆಯೆಬ್ಬಿಸುತ್ತದೆ. ಸೋಡಿಯಂ ಕರಗಿ ಗುಂಡಾಗಿ ನೀರಿನ ಮೇಲೆ ಅತ್ತಿಂದಿತ್ತ ಓಡಾಡುತ್ತದೆ. ಪೊಟಾಸಿಯಂ ಓಡುವುದಷ್ಟೇ ಅಲ್ಲದೆ ತಿಳಿನೇರಿಳೆ ಬಣ್ಣದ ಜ್ವಾಲೆಯಿಂದ ಉರಿಯುತ್ತದೆ. ರುಬಿಡಿಯಂ, ಸೀಸಿಯಂಗಳಿಗೆ ತೇಲುವಷ್ಟೂ ವ್ಯವಧಾನವಿಲ್ಲ. ಮುಳುಗುತ್ತಲೇ ಸಿಡಿದು ಪಾತ್ರೆಯನ್ನೊಡೆಯುತ್ತವೆ. ಗುಣ ಒಂದೇ, ಕೆಳಗಿಳಿದಂತೆಲ್ಲಾ ಉಗ್ರತೆ ಹೆಚ್ಚು. ಲೋಹವು ಕರಗುವ ಉಷ್ಣತೆಯೂ ಹಾಗೆಯೇ ಕ್ರಮವಾಗಿ ಇಳಿಯುತ್ತದೆ: ಲಿಥಿಯಂ ಕರಗಲು ೧೮೦ ಡಿಗ್ರಿ ಬೇಕು, ಸೋಡಿಯಮ್ಮಿಗೆ ೯೮, ಪೊಟಾಸಿಯಮ್ಮಿಗೆ ೬೩; ಸೀಸಿಯಮ್ಮಿಗೆ ೨೮ಕ್ಕೆ ಸ್ವಲ್ಪ ಮೇಲಾದರೆ ಸಾಕು, ನಮ್ಮ ರಾಯಚೂರಿನ ಬೇಸಗೆಯಲ್ಲಿ ಅದು ಶೀಷೆಯೊಳಗೆ ತಾನಾಗಿಯೇ ನೀರಾಗಿರುತ್ತದೆ.

ಇಂತಹ ಮನೆತನಗಳು ಇವೆಯೆಂಬುದನ್ನು ಸ್ಥಾಪಿಸಿದವನು ರಷ್ಯಾ ದೇಶದ ಮೆಂಡೆಲೀವ್. ಸೈಬೀರಿಯದ ತೊಬೋಲ್ಸ್ಕ್ ಎಂಬ ಊರಿನಲ್ಲಿ ೧೮೩೪ರಲ್ಲಿ ಹುಟ್ಟಿದ ಈತನು ಪೀಟರ್ಸ್‌ಬರ್ಗ್ ನಗರದಲ್ಲಿ ಅಧ್ಯಾಪಕನಾಗಿ, ವಿದ್ಯಾರ್ಥಿಗಳಿಗಾಗಿ ಒಂದು ರಸಾಯನಶಾಸ್ತ್ರದ ಗ್ರಂಥವನ್ನು ಬರೆಯುತ್ತಿದ್ದನು. ಆಗ ಗೊತ್ತಿದ್ದ ಮೂಲವಸ್ತುಗಳು ೬೩. ಅವನ್ನು ಯಾವ ಕ್ರಮದಲ್ಲಿ ಹೇಳಿದರೆ ಹುಡುಗರಿಗೆ ನೆನಪಿದ್ದೀತೆಂಬುದು ಅವನ ಚಿಂತೆ. ಅಧ್ಯಾಪಕರಾದವರಿಗೆಲ್ಲಾ ಈ ಚಿಂತೆಯಿರುತ್ತದೆ. ಆದರೆ ಎಲ್ಲರಿಗೂ ಅದರಿಂದ ಇಷ್ಟು ದೊಡ್ಡ ಫಲ ಸಿಕ್ಕುವುದಿಲ್ಲ. ಕ್ಲೋರಿನ್ನಿನ ಮನೆತನವನ್ನು ಮೊದಲ ಸಂಪುಟದಲ್ಲಿ ಮುಗಿಸಿ, ಸೋಡಿಯಮ್ಮಿನ ಮನೆತನಕ್ಕೆ ಬಂದಾಗ, ಮೂಲವಸ್ತುಗಳನ್ನು ಪರಮಾಣುವಿನ ತೂಕದ ಪ್ರಕಾರ ಒಂದರ ಮುಂದೊಂದು ಬರೆಯುತ್ತ ಹೋದರೆ ಇಷ್ಟಿಷ್ಟು ದೂರಕ್ಕೆ ಅದೇ ಗುಣಗಳು ಮರಳಿ ಮರಳಿ ಬರುತ್ತವೆಂಬುದು ಅವನಿಗೆ ಹೊಳೆಯಿತು. ವಾರಗಳನ್ನು ಸಾಲಾಗಿ ಬರೆದ ಪಂಚಾಂಗದಲ್ಲಿ ಸೋಮವಾರಗಳೆಲ್ಲಾ ಒಂದರ ಕೆಳಗೊಂದು ಬೀಳುವಂತೆ, ಸಮಾನಗುಣದವೆಲ್ಲಾ ಒಂದೇ ಕಂಭದಲ್ಲಿ ಬಿದ್ದವು. ೧೮೬೯ರಲ್ಲಿ ಅವನು ಪ್ರಕಟಿಸಿದ ಈ ಪಟ್ಟಿಗೆ ಆವರ್ತಕ ಕೋಷ್ಟಕವೆಂದು ಹೆಸರು. ಇಂದು ಅದರಲ್ಲಿ ೧೧೮ ಮೂಲವಸ್ತುಗಳೂ, ೧೮ ಕಂಭಗಳೂ ಇವೆ. ಒಂದೊಂದು ಕಂಭವೂ ಒಂದೊಂದು ಮನೆತನ.

ಪಟ್ಟಿ ಬರೆದದ್ದಕ್ಕಿಂತ ದೊಡ್ಡ ಧೈರ್ಯವು ಅದರಲ್ಲಿ ಖಾಲಿ ಸ್ಥಳಗಳನ್ನು ಬಿಟ್ಟದ್ದು. ಅಲ್ಯೂಮಿನಿಯಮ್ಮಿನ ಕೆಳಗೆ ಒಂದು, ಸಿಲಿಕಾನಿನ ಕೆಳಗೆ ಒಂದು ಸ್ಥಳ ಬರಿದಾಗಿದ್ದವು. ಇನ್ನೂ ಕಾಣದ ಆ ವಸ್ತುಗಳಿಗೆ ಮೆಂಡೆಲೀವನು ನಮ್ಮ ಸಂಸ್ಕೃತದ ‘ಏಕ’ ಶಬ್ದವನ್ನು ತೆಗೆದುಕೊಂಡು ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟು, ಅವುಗಳ ತೂಕ, ಸಾಂದ್ರತೆ ಮುಂತಾದುವನ್ನೂ ಜಾತಕ ಬರೆಯುವಂತೆ ಬರೆದಿಟ್ಟನು. ೧೮೭೫ರಲ್ಲಿ ಫ್ರೆಂಚ್ ಪಂಡಿತನೊಬ್ಬನು ಗ್ಯಾಲಿಯಂ ಎಂಬ ಹೊಸ ಲೋಹವನ್ನು ಕಂಡುಹಿಡಿದು, ಅದರ ಸಾಂದ್ರತೆ ೪.೭ ಎಂದು ಸಾರಿದನು. ಮೆಂಡೆಲೀವನು ಆ ಲೋಹವನ್ನು ಕಣ್ಣಿನಿಂದ ನೋಡದೆಯೇ, ಅದು ೫.೯ರಷ್ಟಿರಬೇಕು, ನಿಮ್ಮ ಲೋಹವು ಶುದ್ಧವಾಗಿಲ್ಲ, ಪುನಃ ಅಳೆಯಿರಿ ಎಂಬ ಅಭಿಪ್ರಾಯವನ್ನು ತಿಳಿಸಿದನು. ಶುದ್ಧಮಾಡಿ ಅಳೆದಾಗ ೫.೯ ಆಯಿತು. ಕಂಡವನಿಗಿಂತ ಕಾಣದವನ ಮಾತೇ ನಿಜವಾದ ಇಂತಹ ಪ್ರಸಂಗಗಳು ಶಾಸ್ತ್ರದಲ್ಲಿ ಬಹಳವಿಲ್ಲ.

ಆದರೆ ಒಂದೇ ಮನೆತನದವರಿಗೆ ಒಂದೇ ಗುಣ ಏಕೆ ಬಂತೆಂಬುದು ಮೆಂಡೆಲೀವನಿಗೂ ತಿಳಿದಿರಲಿಲ್ಲ. ಅದು ತಿಳಿದದ್ದು ಪರಮಾಣುವಿನ ಒಳಭಾಗವು ಗೊತ್ತಾದ ಮೇಲೆ. ಪರಮಾಣುವಿನ ನಡುವೆ ಧನವಿದ್ಯುತ್ತಿನ ಒಂದು ಬೀಜವೂ, ಅದರ ಸುತ್ತ ಅಂತಸ್ತು ಅಂತಸ್ತಾಗಿ ಋಣವಿದ್ಯುತ್ತಿನ ಇಲೆಕ್ಟ್ರಾನುಗಳೂ ಇರುತ್ತವೆ. ಸೋಡಿಯಮ್ಮಿಗೆ ಹನ್ನೊಂದು ಇಲೆಕ್ಟ್ರಾನುಗಳು: ಒಳಗೆ ಎರಡು, ಅದರ ಹೊರಗೆ ಎಂಟು, ಕಟ್ಟಕಡೆಯಲ್ಲಿ ಒಂಟಿಯಾಗಿ ಒಂದು. ಲಿಥಿಯಮ್ಮಿಗೆ ಎರಡು ಮತ್ತು ಒಂದು. ಪೊಟಾಸಿಯಮ್ಮಿಗೆ ಎರಡು, ಎಂಟು, ಎಂಟು, ಒಂದು. ಮನೆ ಎಷ್ಟು ಅಂತಸ್ತಿನದಾದರೂ ಹೊರಜಗಲಿಯಲ್ಲಿ ಕುಳಿತವನು ಒಬ್ಬನೇ. ಹೊರಗಿನವರೊಡನೆ ವ್ಯವಹಾರ ನಡೆಸುವವನು ಜಗಲಿಯಲ್ಲಿರುವವನಾದ್ದರಿಂದ, ಒಳಗೆ ಎಷ್ಟು ಮಂದಿಯಿದ್ದರೂ ವ್ಯವಹಾರದ ರೀತಿ ಒಂದೇ ಆಗುತ್ತದೆ. ಅಂತಸ್ತು ಹೆಚ್ಚಿದಷ್ಟೂ ಈ ಹೊರಗಿನ ಇಲೆಕ್ಟ್ರಾನು ಬೀಜದಿಂದ ದೂರ. ನಡುವೆ ಇತರರ ಅಡ್ಡ ಬೇರೆ. ಆದುದರಿಂದ ಹಿಡಿತ ಸಡಿಲ, ಕಳೆದುಕೊಳ್ಳುವುದು ಸುಲಭ. ಸೀಸಿಯಂ ಸಿಡಿಯುವುದಕ್ಕೂ ಲಿಥಿಯಂ ಶಾಂತವಾಗಿರುವುದಕ್ಕೂ ಕಾರಣ ಇಷ್ಟೆ.

ಕ್ಲೋರಿನ್ನಿನ ಮನೆತನದ ರೀತಿ ಇದಕ್ಕೆ ವಿರುದ್ಧ. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೊಡಿನ್ ಮುಂತಾದ ಇವರ ಹೊರ ಅಂತಸ್ತಿನಲ್ಲಿ ಏಳು ಇಲೆಕ್ಟ್ರಾನುಗಳಿದ್ದು, ಎಂಟಕ್ಕೆ ಒಂದು ಕೊರತೆ. ಎಂಟು ತುಂಬಿದವರು ನಿಯಾನ್, ಆರ್ಗಾನ್ ಮುಂತಾದ ಜಡವಾಯುಗಳು. ಅವರಿಗೆ ಯಾರ ಗೊಡವೆಯೂ ಬೇಡ. ಸೋಡಿಯಂ ತನ್ನ ಒಂದನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಕಸಿದುಕೊಳ್ಳುತ್ತದೆ, ಇಬ್ಬರಿಗೂ ಎಂಟಾಗುತ್ತದೆ. ಕೊಟ್ಟವನಲ್ಲಿ ಧನವಿದ್ಯುತ್ತು ಮಿಗುತ್ತದೆ, ಕೊಂಡವನಲ್ಲಿ ಋಣವಿದ್ಯುತ್ತು. ಈ ಎರಡರ ಸೆಳೆತದಿಂದ ಅವು ಒಂದರ ಪಕ್ಕದಲ್ಲೊಂದು ಚೌಕಚೌಕವಾಗಿ ಅಣಿಗೂಡುತ್ತವೆ. ಭೂತಗನ್ನಡಿಯಿಟ್ಟು ನೋಡಿದರೆ ಉಪ್ಪಿನ ಹರಳುಗಳು ಪುಟ್ಟ ಪುಟ್ಟ ಘನಾಕೃತಿಗಳಾಗಿ ಕಾಣುವುದು ಈ ಅಣಿಯ ಫಲ. ಒಮ್ಮೆ ಕೊಟ್ಟು ಮುಗಿಸಿದ ಸೋಡಿಯಂ ಮತ್ತೆ ನೀರನ್ನು ಕಂಡು ಉರಿಯುವುದಿಲ್ಲ. ಸಾಲ ತೀರಿಸಿದವನಂತೆ ನೆಮ್ಮದಿಯಾಗಿರುತ್ತದೆ. ನಾವು ಸಾರಿಗೆ ಹಾಕುವುದು ಈ ನೆಮ್ಮದಿಯ ಸೋಡಿಯಮ್ಮನ್ನು.

ನಡುಮನೆತನದವರಾದ ಇಂಗಾಲ ಮುಂತಾದವರಿಗೆ ಹೊರಗೆ ನಾಲ್ಕು ಇಲೆಕ್ಟ್ರಾನುಗಳಿರುವುದರಿಂದ ನಾಲ್ಕನ್ನು ಕೊಡುವುದೂ ಕಷ್ಟ, ತೆಗೆದುಕೊಳ್ಳುವುದೂ ಕಷ್ಟ. ಅವರು ನೆರೆಯವರೊಡನೆ ಹಂಚಿಕೊಂಡು ಬಾಳುತ್ತಾರೆ. ಸಕ್ಕರೆ, ಎಣ್ಣೆ, ಅಕ್ಕಿಯ ಗಂಜಿ ಎಲ್ಲವೂ ಇಂತಹ ಹಂಚಿಕೆಯ ಬಂಧನದವು. ಬಾಣಲೆಯಲ್ಲಿ ಸಕ್ಕರೆಯನ್ನು ಕಾಯಿಸಿದರೆ ಅದು ಕರಗಿ ಕೆಂಪಾಗಿ ಕರಿಕಾಗುತ್ತದೆ. ಉಪ್ಪನ್ನು ಕಾಯಿಸಿದರೆ ಚಟಪಟವೆಂದು ಸಿಡಿಯುವುದೇ ಹೊರತು ಕರಗುವುದಿಲ್ಲ, ಅದಕ್ಕೆ ೮೦೧ ಡಿಗ್ರಿಯ ಉಷ್ಣ ಬೇಕು. ಬಿಳಿಯ ಪುಡಿಗಳೆರಡೂ ಡಬ್ಬಿಯಲ್ಲಿ ಒಂದೇ ಸಮನಾಗಿ ಕಂಡರೂ ಅವುಗಳ ಬಂಧನದ ಭೇದವನ್ನು ಒಲೆಯು ಹೊರಗೆಡವುತ್ತದೆ.

ಇಷ್ಟಾದ ಮೇಲೆ ವಾಚಕರು, ಹಾಗಾದರೆ ಸೋಡಿಯಮ್ಮಿನ ಸ್ಥಾನದಲ್ಲಿ ಅದರ ಮನೆತನದ ಯಾರನ್ನು ಕೂರಿಸಿದರೂ ನಡೆಯಬೇಕಲ್ಲ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಹೀಗೆಯೇ ಯೋಚಿಸಿ ಒಂದು ಕಾಲದಲ್ಲಿ ಕೆಲವರು ಪ್ರಾಣ ಕಳೆದುಕೊಂಡರು.

೧೯೪೦ರ ದಶಕದಲ್ಲಿ ಅಮೆರಿಕಾದಲ್ಲಿ ಹೃದ್ರೋಗಿಗಳಿಗೂ ರಕ್ತದೊತ್ತಡದವರಿಗೂ ಉಪ್ಪಿಲ್ಲದ ಪಥ್ಯವನ್ನು ಬಹು ಕಠಿನವಾಗಿ ವಿಧಿಸುತ್ತಿದ್ದರು. ಉಪ್ಪಿಲ್ಲದ ಊಟ ಎಷ್ಟು ದಿನ ರುಚಿಸೀತು? ಅದಕ್ಕೆ ಬದಲಾಗಿ ಲಿಥಿಯಂ ಕ್ಲೋರೈಡನ್ನು ಉಪ್ಪಿನಂತೆ ಉಪಯೋಗಿಸಲು ಕೆಲವು ಕಂಪನಿಗಳು ಮಾರಾಟಕ್ಕೆ ತಂದವು. ಅದರ ರುಚಿ ಅಡಿಗೆಯ ಉಪ್ಪಿಗೆ ಬಹಳ ಹತ್ತಿರ. ಏಕೆಂದರೆ ನಾಲಿಗೆಯಲ್ಲಿ ಸೋಡಿಯಮ್ಮನ್ನು ಒಳಬಿಡುವ ಸೂಕ್ಷ್ಮದ್ವಾರವೊಂದಿದೆ. ಅದು ಲಿಥಿಯಮ್ಮನ್ನೂ ಒಳಬಿಡುತ್ತದೆ, ಪೊಟಾಸಿಯಮ್ಮಿಗೆ ಮಾತ್ರ ಬಹುಮಟ್ಟಿಗೆ ಮುಚ್ಚಿರುತ್ತದೆ. ರೋಗಿಗಳು ಸಂತೋಷದಿಂದ ಸಾರಿಗೂ ಮಾಂಸಕ್ಕೂ ಅದನ್ನು ಸುರಿದುಕೊಂಡು ತಿಂದರು. ಕ್ರಮೇಣ ಅವರಲ್ಲಿ ಕೆಲವರ ಕೈ ನಡುಗಲಾರಂಭಿಸಿತು, ಕಣ್ಣು ಮಂಜಾಯಿತು, ನಡಿಗೆ ತೂರಾಡಿತು, ಮಂಪರು ಕವಿಯಿತು, ಕೆಲವರು ಸತ್ತರು. ೧೯೪೯ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಈ ಸುದ್ದಿ ವೈದ್ಯಪತ್ರಿಕೆಗಳಲ್ಲಿ ಹೊರಬಿದ್ದು, ಸರಕಾರವು ಜನರಿಗೆ ಎಚ್ಚರಿಕೆ ಕೊಟ್ಟು, ಆ ಉಪ್ಪುಗಳು ಅಂಗಡಿಗಳಿಂದ ಮಾಯವಾದವು.

ಇದರಲ್ಲಿ ಒಂದು ಕ್ರೂರವಾದ ತಿರುವು ಇದೆ. ಲಿಥಿಯಮ್ಮನ್ನು ದೇಹದಿಂದ ಹೊರಗೆ ಹಾಕತಕ್ಕದ್ದು ಮೂತ್ರಪಿಂಡ. ಅದು ಸೋಡಿಯಮ್ಮನ್ನು ಹಿಂದಕ್ಕೆ ಹೀರಿಕೊಳ್ಳುವ ಕಡೆಯಲ್ಲಿ ಲಿಥಿಯಮ್ಮನ್ನೂ ಅದೆಂದೇ ಭ್ರಮಿಸಿ ಹೀರಿಕೊಳ್ಳುತ್ತದೆ. ಉಪ್ಪು ಯಥೇಚ್ಛವಾಗಿರುವ ದೇಹದಲ್ಲಿ ಈ ಹೀರಿಕೆ ಮಿತವಾಗಿರುತ್ತದೆ. ಆದರೆ ಪಥ್ಯದಿಂದ ಸೋಡಿಯಂ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡವು ಬರಗಾಲದ ಗೃಹಿಣಿಯಂತೆ ಒಂದೊಂದು ಕಣವನ್ನೂ ಹೆಕ್ಕಿ ಉಳಿಸುತ್ತದೆ. ಅದರೊಡನೆ ಲಿಥಿಯಮ್ಮೂ ಉಳಿದು ಉಳಿದು ಬೆಳೆಯುತ್ತದೆ. ಎಂದರೆ ಯಾರಿಗೆ ಉಪ್ಪು ಬಿಡಿಸಿದ್ದರೋ ಅವರಿಗೇ ಈ ಬದಲಿ ಉಪ್ಪು ಹೆಚ್ಚು ವಿಷವಾಯಿತು.

ಅದೇ ೧೯೪೯ರ ಸೆಪ್ಟೆಂಬರಿನಲ್ಲಿ ಭೂಗೋಳದ ಮತ್ತೊಂದು ಮೂಲೆಯಿಂದ ಲಿಥಿಯಮ್ಮಿನ ಬೇರೊಂದು ವಾರ್ತೆ ಬಂತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಬಳಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದ ಜಾನ್ ಕೇಡ್ ಎಂಬ ವೈದ್ಯರು, ಉನ್ಮಾದದ ಹತ್ತು ಮಂದಿ ರೋಗಿಗಳಿಗೆ ಲಿಥಿಯಮ್ಮಿನ ಲವಣಗಳನ್ನು ಕೊಟ್ಟು ಗುಣ ಕಂಡುದನ್ನು ಪ್ರಕಟಿಸಿದರು. ಐದು ವರ್ಷಗಳಿಂದ ಉದ್ರೇಕಗೊಂಡು ವಾರ್ಡಿನಲ್ಲಿದ್ದ ಐವತ್ತೊಂದು ವಯಸ್ಸಿನ ಒಬ್ಬ ಮನುಷ್ಯನು ಕೆಲವು ತಿಂಗಳೊಳಗೆ ಶಾಂತನಾಗಿ ಮನೆಗೆ ಹೋದನು. ಅದೇ ಮನುಷ್ಯನು ೧೯೫೦ರಲ್ಲಿ ಅದೇ ಔಷಧದ ವಿಷದಿಂದ ತೀರಿಕೊಂಡನೆಂಬುದನ್ನೂ ಹೇಳಬೇಕು. ಗುಣಕ್ಕೂ ವಿಷಕ್ಕೂ ನಡುವಣ ಅಂತರ ಅಷ್ಟು ಕಿರಿದು. ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಆಗಾಗ ಅಳೆದು ನೋಡುವ ಪದ್ಧತಿ ಬಂದ ಮೇಲೆ ಅದು ಸುರಕ್ಷಿತವಾಯಿತು. ಇಂದಿಗೂ ಮನಸ್ಸಿನ ಏರಿಳಿತದ ರೋಗಕ್ಕೆ ಅದು ಶ್ರೇಷ್ಠವಾದ ಔಷಧಗಳಲ್ಲೊಂದು. ಈ ಔಷಧ ಸೇವಿಸುವವರು ಯಾರ ಮನೆಯಲ್ಲಾದರೂ ಇದ್ದರೆ, ವೈದ್ಯರನ್ನು ಕೇಳದೆ ಅವರಿಗೆ ಒಮ್ಮೆಲೇ ಉಪ್ಪು ಬಿಡಿಸಕೂಡದು, ಉಪವಾಸ ಮಾಡಿಸಕೂಡದು. ವಾಂತಿಭೇದಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಕಾರಣವೇನೆಂಬುದನ್ನು ಮೇಲೆ ಹೇಳಿದ್ದೇವೆ.

ಮನೆತನದ ಹಿರಿಯ ಮಗನಾದ ಲಿಥಿಯಂ ತಮ್ಮಂದಿರಂತಲ್ಲ. ಅದರ ಪರಮಾಣು ಬಹಳ ಚಿಕ್ಕದು. ಎಷ್ಟೋ ಗುಣಗಳಲ್ಲಿ ಅದು ಪಕ್ಕದ ಮನೆತನದ ಮೆಗ್ನೀಸಿಯಮ್ಮನ್ನೇ ಹೋಲುತ್ತದೆ. ಉಳಿದ ಯಾರೂ ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯ ಸಾರಜನಕವನ್ನು ಮುಟ್ಟುವುದಿಲ್ಲ, ಲಿಥಿಯಂ ಮುಟ್ಟುತ್ತದೆ. ಸೀಮೆಎಣ್ಣೆಯಲ್ಲಿ ಉಳಿದವರು ಮುಳುಗುತ್ತಾರೆ, ಅದು ತೇಲುತ್ತದೆ. ಎಲ್ಲ ಕಂಭಗಳಲ್ಲಿಯೂ ಮೊದಲನೆಯವನದು ಹೀಗೆಯೇ. ಇಂಗಾಲದ ಆಕ್ಸೈಡು ನಾವು ಉಸಿರಿನಲ್ಲಿ ಬಿಡುವ ವಾಯು; ಅದರ ಕೆಳಗಿನ ಸಿಲಿಕಾನಿನ ಆಕ್ಸೈಡು ಹೊಳೆಯ ಮರಳು.

ಇನ್ನು ನಮ್ಮ ಹಿರಿಯರ ಪೊಟಾಸಿಯಮ್ಮಿಗೆ ಬರೋಣ. ಇದು ಲಿಥಿಯಮ್ಮಿನಂತೆ ಪರಕೀಯವಲ್ಲ; ದೇಹಕ್ಕೆ ಬೇಕೇ ಬೇಕಾದದ್ದು. ಎಳನೀರು, ಬಾಳೆಹಣ್ಣು, ಬೇಳೆ, ಸೊಪ್ಪು ಎಲ್ಲದರಲ್ಲಿಯೂ ಅದು ಸಮೃದ್ಧವಾಗಿದೆ. ಆದರೆ ದೇಹವು ಈ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮನೆಗಳನ್ನು ಮಾಡಿಕೊಟ್ಟಿದೆ. ಸೋಡಿಯಂ ಬಹುಮಟ್ಟಿಗೆ ಜೀವಕೋಶಗಳ ಹೊರಗೆ, ರಕ್ತದಲ್ಲಿ. ಪೊಟಾಸಿಯಂ ಕೋಶಗಳ ಒಳಗೆ. ಪ್ರತಿಯೊಂದು ಕೋಶದ ಗೋಡೆಯಲ್ಲಿಯೂ ಒಂದು ಏತದಂತಹ ಯಂತ್ರವಿದ್ದು, ಒಂದೊಂದು ಎತ್ತಿಗೆ ಮೂರು ಸೋಡಿಯಮ್ಮುಗಳನ್ನು ಹೊರಕ್ಕೂ ಎರಡು ಪೊಟಾಸಿಯಮ್ಮುಗಳನ್ನು ಒಳಕ್ಕೂ ಹಾಕುತ್ತಿರುತ್ತದೆ. ೧೯೫೭ರಲ್ಲಿ ಇದನ್ನು ತೋರಿಸಿಕೊಟ್ಟ ಡೆನ್ಮಾರ್ಕಿನ ಸ್ಕೌ ಎಂಬುವರಿಗೆ ನಲವತ್ತು ವರ್ಷಗಳ ತರುವಾಯ, ೧೯೯೭ರಲ್ಲಿ, ನೊಬೆಲ್ ಬಹುಮಾನ ಬಂತು. ಕೋಶದ ಗೋಡೆಯಲ್ಲಿ ಪೊಟಾಸಿಯಂ ಮಾತ್ರ ಹಾದುಹೋಗಬಲ್ಲ ಬಾಗಿಲುಗಳೂ ಉಂಟು. ವಿಚಿತ್ರವೇನೆಂದರೆ ಸೋಡಿಯಂ ಪೊಟಾಸಿಯಮ್ಮಿಗಿಂತ ಚಿಕ್ಕದು. ದೊಡ್ಡವನು ನುಸುಳುವ ಬಾಗಿಲಲ್ಲಿ ಚಿಕ್ಕವನಿಗೆ ಪ್ರವೇಶವಿಲ್ಲ. ನೀರಿನಲ್ಲಿರುವಾಗ ಈ ಕಣಗಳು ನೀರಿನ ಅಣುಗಳನ್ನು ಹೊದ್ದುಕೊಂಡಿರುತ್ತವೆ. ಬಾಗಿಲಲ್ಲಿ ಆ ಹೊದಿಕೆಯನ್ನು ಕಳಚಬೇಕು. ಕಳಚಿದ ಪೊಟಾಸಿಯಮ್ಮಿಗೆ ಬಾಗಿಲಿನ ಆಮ್ಲಜನಕದ ಪರಮಾಣುಗಳು ಅಳತೆಗೆ ಸರಿಯಾಗಿ ಹೊದಿಕೆಯಂತೆಯೇ ಕೂಡುತ್ತವೆ. ಚಿಕ್ಕದಾದ ಸೋಡಿಯಮ್ಮಿಗೆ ಅವು ಎಟುಕುವುದಿಲ್ಲವಾದ್ದರಿಂದ ಅದು ಹೊದಿಕೆಯನ್ನು ಬಿಡಲೊಪ್ಪುವುದಿಲ್ಲ. ಈ ಬಾಗಿಲಿನ ಆಕಾರವನ್ನು ೧೯೯೮ರಲ್ಲಿ ಕಂಡುಹಿಡಿದ ಅಮೆರಿಕಾದ ರಾಡರಿಕ್ ಮೆಕಿನಾನ್ ಅವರಿಗೆ ೨೦೦೩ರಲ್ಲಿ ಬಹುಮಾನ ದೊರೆಯಿತು.

ಈ ಒಳಹೊರಗಿನ ವ್ಯತ್ಯಾಸದಿಂದಲೇ ನರಗಳು ಸಂದೇಶವನ್ನೊಯ್ಯುತ್ತವೆ, ಹೃದಯವು ಬಡಿಯುತ್ತದೆ. ಹೊರಗಿನ ರಕ್ತದಲ್ಲಿ ಪೊಟಾಸಿಯಂ ಅತ್ಯಲ್ಪವಾಗಿರಬೇಕು; ಒಳಗಿರುವುದರ ಸುಮಾರು ಮೂವತ್ತರಲ್ಲೊಂದು ಪಾಲು. ಅದು ಇಮ್ಮಡಿಯಾದರೆ ಹೃದಯದ ತಾಳ ತಪ್ಪಿ ನಿಂತೇ ಹೋಗಬಹುದು. ಆರೋಗ್ಯವಂತನ ಮೂತ್ರಪಿಂಡವು ಹೆಚ್ಚಾದುದನ್ನು ಹೊರಗೆ ಸಾಗಿಸಿಬಿಡುತ್ತದೆ. ಅವನಿಗೆ ಪೊಟಾಸಿಯಂ ಬೆರೆತ ಉಪ್ಪು ಹಿತವೇ. ಚೀನಾ ದೇಶದ ೬೦೦ ಹಳ್ಳಿಗಳಲ್ಲಿ ಸುಮಾರು ೨೧,೦೦೦ ಮಂದಿಯನ್ನು ಐದು ವರ್ಷಗಳ ಕಾಲ ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡೂ ಕಾಲು ಪಾಲು ಪೊಟಾಸಿಯಂ ಕ್ಲೋರೈಡೂ ಇದ್ದ ಉಪ್ಪನ್ನು ತಿಂದವರಲ್ಲಿ ಮೆದುಳಿನ ಆಘಾತವು ನೂರಕ್ಕೆ ಹದಿನಾಲ್ಕರಷ್ಟು ಕಡಿಮೆಯಾಯಿತೆಂದು ತಿಳಿದುಬಂತು. ಆದರೆ ತೀವ್ರವಾದ ಮೂತ್ರಪಿಂಡದ ರೋಗವಿದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರ ಜನವರಿಯಲ್ಲಿ ಇಂತಹ ಉಪ್ಪನ್ನು ಶಿಫಾರಸು ಮಾಡಿದಾಗಲೂ ಮೂತ್ರಪಿಂಡ ಕೆಟ್ಟವರನ್ನೂ, ಗರ್ಭಿಣಿಯರನ್ನೂ, ಮಕ್ಕಳನ್ನೂ ಆ ಮಾತಿನಿಂದ ಹೊರಗಿಟ್ಟಿತು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೇ ಪೊಟಾಸಿಯಮ್ಮನ್ನು ದೇಹದಲ್ಲಿ ಉಳಿಸುವ ಸ್ವಭಾವದವೆಂಬುದನ್ನೂ ಮರೆಯಬಾರದು. ಎಲ್ಲ ಬಗೆಯ ಉಪ್ಪೂ ಸೇರಿ ಪ್ರೌಢರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚಕ್ಕೆ ಒಳಗೆ, ಸಾಕೆಂಬುದು ಆ ಸಂಸ್ಥೆಯ ಅಭಿಪ್ರಾಯ. ನಮ್ಮ ಉಪ್ಪಿನಕಾಯಿ ಹಪ್ಪಳಗಳ ಲೆಕ್ಕ ಹಿಡಿದರೆ ಅದು ಮಧ್ಯಾಹ್ನದೊಳಗೇ ಮುಗಿದಿರುತ್ತದೆ.

ಈ ಮನೆತನದ ಹೋಲಿಕೆಯಿಂದ ಮೋಸಹೋಗುವುದು ಮನುಷ್ಯನ ದೇಹ ಮಾತ್ರವಲ್ಲ. ೧೯೮೬ರಲ್ಲಿ ಚೆರ್ನೊಬಿಲ್ ಎಂಬಲ್ಲಿ ಅಣುಸ್ಥಾವರವು ಸಿಡಿದಾಗ ವಿಕಿರಣವನ್ನು ಸೂಸುವ ಸೀಸಿಯಂ ಹೊಲಗದ್ದೆಗಳ ಮೇಲೆ ಬಿದ್ದಿತು. ಗಿಡಗಳು ಅದನ್ನು ಪೊಟಾಸಿಯಮ್ಮೆಂದು ತಿಳಿದು ಬೇರಿನಿಂದ ಹೀರಿಕೊಂಡವು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಅದು ಬಂತು. ಅದಕ್ಕೆ ಅಲ್ಲಿ ಮಾಡಿದ ಪ್ರತೀಕಾರಗಳಲ್ಲಿ ಒಂದು ಯಾವುದೆಂದರೆ, ಹೊಲಗಳಿಗೆ ಪೊಟಾಷ್ ಗೊಬ್ಬರವನ್ನು ಹೆಚ್ಚಾಗಿ ಹಾಕುವುದು. ನಿಜವಾದ ಪೊಟಾಸಿಯಂ ಹೇರಳವಾಗಿ ಸಿಕ್ಕಿದ ಗಿಡವು ವೇಷಧಾರಿಯನ್ನು ಕಡಿಮೆಯಾಗಿ ತೆಗೆದುಕೊಳ್ಳುತ್ತದೆ. ಈ ಕಥೆಯನ್ನು ಕೇಳಿದಾಗ ನಮ್ಮ ಹಿರಿಯರಿಗೆ ತಮ್ಮ ಗೊಬ್ಬರದ ಮೇಲೆ ಸ್ವಲ್ಪ ಗೌರವ ಬಂದಂತೆ ಕಂಡಿತು.

ಎದ್ದು ಹೋಗುವಾಗ ಅವರು, “ಹಾಗಾದರೆ ಸೈಂಧವಲವಣವನ್ನು ತರಿಸಲೆ? ಅದರಲ್ಲಿ ಸೋಡಿಯಂ ಇಲ್ಲವಂತೆ” ಎಂದರು. ಇದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು, ಅಷ್ಟೇ ಸುಳ್ಳು. ಸೈಂಧವಲವಣವೆಂಬುದು ಗಣಿಯಿಂದ ತೆಗೆದ ಸೋಡಿಯಂ ಕ್ಲೋರೈಡೇ. ಅದರ ನಸುಗೆಂಪಿಗೆ ಕಾರಣ ಕಬ್ಬಿಣವೇ ಮುಂತಾದ ಅತ್ಯಲ್ಪ ಕಲ್ಮಷ. ಅಯೊಡಿನ್ ಸೇರಿಸದೆ ಮಾರುವುದೂ ಉಂಟಾದ್ದರಿಂದ ಬೆಳೆಯುವ ಮಕ್ಕಳಿರುವ ಮನೆಗೆ ಅದೊಂದೇ ಉಪ್ಪಾಗುವುದು ಒಳ್ಳೆಯದಲ್ಲ.

ಮಾರನೆಯ ವಾರ ಹಿರಿಯರು ವೈದ್ಯರಲ್ಲಿಗೆ ಹೋಗಿ ಪೊಟ್ಟಣವನ್ನೂ ತಾವು ನುಂಗುವ ಮಾತ್ರೆಗಳನ್ನೂ ಮೇಜಿನ ಮೇಲಿಟ್ಟರು. ರಕ್ತವನ್ನು ಪರೀಕ್ಷೆಮಾಡಿಸಿದಾಗ ಮೂತ್ರಪಿಂಡದ ಕೆಲಸ ಕೊಂಚ ಮಂದವಾಗಿರುವುದೂ, ಪೊಟಾಸಿಯಂ ಮೇಲಿನ ಗೆರೆಯ ಹತ್ತಿರ ಬಂದಿರುವುದೂ ತಿಳಿಯಿತು. ಅವರಿಗೆ ಆ ಉಪ್ಪು ನಿಂತಿದೆ. ಈಗ ಅವರ ತಟ್ಟೆಗೆ ಹಳೆಯ ಉಪ್ಪೇ, ಅರ್ಧ ಅಳತೆಯಲ್ಲಿ; ಕೊರತೆಯನ್ನು ನಿಂಬೆಹಣ್ಣು ಮೆಣಸುಗಳಿಂದ ತುಂಬುತ್ತಿದ್ದಾರೆ. ಮಗನೂ ಸೊಸೆಯೂ ತಮ್ಮ ವೈದ್ಯರನ್ನು ಕೇಳಿಕೊಂಡು ಆ ಪೊಟ್ಟಣವನ್ನು ತಾವು ಉಪಯೋಗಿಸುತ್ತಿದ್ದಾರೆ. ಡಬ್ಬಿಗಳು ಅದಲುಬದಲಾಗದಿರಲೆಂದು ಸೊಸೆಯು ಒಂದರ ಮೇಲೆ ‘ಮಾವನವರದು’ ಎಂದು ಚೀಟಿ ಅಂಟಿಸಿದ್ದಾಳೆ.

ಮಳೆಗಾಲದಲ್ಲಿ ಕಲ್ಲುಪ್ಪು ನೀರೊಡೆಯುವುದು ಏಕೆಂದು ವಾಚಕರೊಬ್ಬರು ಕೇಳಿ ಬರೆದಿದ್ದಾರೆ. ಅದು ಪಕ್ಕದ ಮನೆತನದ ಮೆಗ್ನೀಸಿಯಮ್ಮಿನ ಕಿತಾಪತಿ. ಆ ವಿಷಯವನ್ನು ಮುಂದಿನ ತಿಂಗಳು ಬರೆಯುತ್ತೇವೆ.